ಬಿಲ್ಲೆ

ಗುರುಮಠಕಲ್ಲಿನಿಂದ ಬಂದ ಹಿತ್ತಾಳಿ ಮೂಟಿಯೊಳಗ
ಕಿವಿ ಹರಿದ ಚರಿಗಿ, ಕಾಲು ಮುರಿದ ಸಮಯಿ,
ನಾಲಿಗಿ ಇಲ್ಲದ ಗಂಟಿ.
ತಳದಾಗ ಇದು:
ರೂಪಾಯಿಗಿಂತ ಸಣ್ಣದು, ಕತ್ತರಿ ಆಡಿದ ಅಂಚು.

ನಾನು ತೂಕದವ. ಯಾದಗಿರಿ ಸ್ಟೇಷನ್ ರೋಡಿನಾಗ
ಇಪ್ಪತ್ತೆರಡು ವರ್ಷ ಗುಜರಿ ತೂಗಿದವ.
ಮೊದಲು ಕಾಂಟಾದ ಮುಳ್ಳು, ಈಗ ಕೆಂಪು ಅಂಕಿ;
ಮಂದಿ ಅದನ್ನ ನಂಬತಾರ, ನನ್ನ ಅಲ್ಲ.
ಉಗುಳು ಹಚ್ಚಿ ಅಂಗಿ ತುದಿಗೆ ತಿಕ್ಕಿದೆ.
ಒಂದು ಕಡೆ ಈಚಲಗಿಡ, ಕೊರಳಿಗೆ ಗಡಿಗಿ.
ಇನ್ನೊಂದು ಕಡೆ ಉಳಿ ಬಡಿದ ಎರಡಕ್ಷರ:
ಮೊ. ಸಾ.

"ಮೊಗುಲಪ್ಪನ ಸಿಂದಿ ಅಂಗಡಿದು," ನಕ್ಕ ಹಮೀದ್ ಚಾಚಾ.
"ನಮ್ಮಪ್ಪ ಕುಡೀತಿದ್ದ. ಮನ್ಯಾಗ ಹೇಳಬ್ಯಾಡ."

ಯುದ್ಧದ ವರ್ಷ. ತಾಮ್ರದ ಪೈ ಎಲ್ಲಿ ಅಡಗಿದವೋ.
ಒಂದಾಣೆ ಕೊಟ್ಟರ ತಿರುಗಿ ಕೊಡ್ಲಾಕ ಚಿಲ್ಲರೆ ಇಲ್ಲ.
ಬಾಕಿಗೆ ಬಿಲ್ಲೆ:
ನಾಳೆ ಬಾ, ಇದನ್ನ ಕೊಡು, ಒಂದು ಕುಡಿಕಿ ಕುಡಿ.
ಉಪ್ಪಿನ ಅಂಗಡಿಯವ ಮೊದಲು ಬ್ಯಾಡಂದ,
ಆಮೇಲೆ ತಗೊಂಡ. ಕ್ಷೌರದವನೂ ತಗೊಂಡ.
ಹನುಮಪ್ಪನ ಹುಂಡಿಯೊಳಗೂ ಒಂದು ಸಿಕ್ಕಿತಂತ,
ಪೂಜಾರಿ ಯಾರಿಗೂ ತೋರಿಸಲಿಲ್ಲ.

"ಸಾ ಯಾರು?" ಅಂದೆ.

ಅಬಕಾರಿ ಗುತ್ತಿಗಿ ಕಾಗದದಾಗ ಮೊಗುಲಪ್ಪ ಒಬ್ಬನೇ.
ಠಾಣೆ ದಫ್ತರದಾಗ ಅವನೇ,
ದಂಡ ಕಟ್ಟಿದ ರಸೀದಿಯೊಳಗ ಅವನೇ.
ಗಡಿಗಿ ತೊಳೆದಾಕಿ, ನೊರಿ ಊದಿ ಅಳೆದಾಕಿ,
ಯಾರಿಗೆ ಎರಡಕ್ಕೇ ಸಾಕು ಅನ್ನಬೇಕಂತ ತಿಳಿದಾಕಿ
ಸಾಬಮ್ಮ.
ಯಾವ ಕಾಗದಕ್ಕೂ ಅಕಿ ಹೆಬ್ಬೆಟ್ಟು ಬೀಳಲಿಲ್ಲ.
ಉಳಿ ಹಿಡಿದ ತಾಂಬಟಗಾರಗ ಅಕಿನೇ ಅಂದಳಂತ:
"ಈ ಸಾಲ ತೀರಿಸಾಕಿ ನಾನು. ನನ್ನ ಅಕ್ಷರನೂ ಬಡಿ."
ಅದು ಹ್ಯಾಂಗಿರತದಂತ ಅಕಿಗೆ ಗೊತ್ತಿರಲಿಲ್ಲ.
ಬಡಿದ ಮ್ಯಾಲ ಬೆರಳಾಡಿಸಿ ನೋಡಿದಳು.

ಗಂಡ ಸತ್ತ, ಗುತ್ತಿಗಿ ಬ್ಯಾರೆಯವರಿಗೆ ಹೋಯಿತು.
ಮನಿ ಬಾಗಲಿಗೆ ಬಂದ ಬಿಲ್ಲೆಗೆಲ್ಲ
ಕುಡಿಕಿ ತುಂಬ ಅಂಬಲಿ ಕೊಟ್ಟಳಂತ.
ಮಾರಿ ಕಿವುಚಿ ಕುಡಿದರು.
ಒಬ್ಬನೂ ಜಗಳ ತೆಗೀಲಿಲ್ಲ.
ಒಂದೊಂದನ್ನೂ ಒರಳಿನಾಗ ಹಾಕಿ ಜಜ್ಜಿದಳು.

ಇದೊಂದು ತಪ್ಪಿಸಿಕೊಂಡದ.

ಕೆಂಪು ಅಂಕಿ ಹತ್ತು ಗ್ರಾಂ ಅಂತದ.
ಇವತ್ತಿನ ದರಕ್ಕ ಐದು ರೂಪಾಯಿ.
ಹತ್ತರ ನೋಟು ಇಟ್ಟೆ.
ಚಾಚಾ ಗಲ್ಲಾ ತಡಕಿದ, ಕಿಸೆ ತಡಕಿದ,
"ಚಿಲ್ಲರೆ ಇಲ್ಲೋ ಮಾರಾಯ" ಅಂದು
ಬರಣಿಯಿಂದ ಐದು ಲಿಂಬಿ ಪೆಪ್ಪರಮಿಂಟು ಎಣಿಸಿದ.