ಮೂರನೇ ಸಾಲು, ಹನ್ನೊಂದನೇ ಗಿಡ

ಚಳ್ಳಕೆರೆ ದಾಟಿ ತಳಕಿನ ದಾರಿಯಲ್ಲಿ ಓಬಕ್ಕನ ಎಳ್ಳಿನ ಹೊಲ.
ಮೂರನೇ ಸಾಲು, ಹನ್ನೊಂದನೇ ಗಿಡ.
ಅಕ್ಕಪಕ್ಕದವೆಲ್ಲ ಬಿಳಿಗೆಂಪು ಗಂಟೆ ತೂಗಿಸಿಕೊಂಡು
ಜೇನಿಗೆ ಬಾಗಿಲು ತೆಗೆದಿದ್ದರೆ
ಇದು ಮಾತ್ರ
ಹೂವಿರಬೇಕಾದ ಕಡೆಯೆಲ್ಲ ಎಲೆ ಬಿಟ್ಟು ನಿಂತಿದೆ.

ಎಲೆಯೆಂದರೂ ಎಲೆಯಲ್ಲ. ಹತ್ತಿರ ಹಿಡಿದರೆ
ಐದು ದಳದ ಲೆಕ್ಕ ತಪ್ಪಿಲ್ಲ, ಕೇಸರದ ಜಾಗದಲ್ಲಿ ಕೇಸರ,
ಎಲ್ಲ ಹಸಿರು, ಎಲ್ಲ ಮುದುಡಿ.
ಕಾಯಿ ಕಟ್ಟಬೇಕಾದ ಬಸಿರಿನೊಳಗಿಂದ
ಮತ್ತೊಂದು ಚಿಗುರು ತಲೆ ಹಾಕಿ ನೋಡುತ್ತಿದೆ,
ತಪ್ಪು ಸ್ಟಾಪಿನಲ್ಲಿ ಇಳಿದ ಹುಡುಗನ ಹಾಗೆ.

ಚಿಮಟದಲ್ಲಿ ಕಿತ್ತು ಕೊಳವೆಗೆ ತುಂಬುತ್ತೇನೆ.
ಓಬಕ್ಕ ಕೇಳುತ್ತಾಳೆ: "ಬೀಜದಾಗೆ ದೋಷಾನಾ?"
ಅಲ್ಲಕ್ಕ, ಬೀಜ ಚೆನ್ನಾಗಿದೆ.
ಅಕ್ಷರ ಒಂದೂ ಅಳಿಸಿಲ್ಲ, ಹೂವಿನ ಪುಟ ಇದ್ದ ಹಾಗೇ ಇದೆ.
ಓದಿ ಹೇಳುವವರನ್ನು ಯಾರೋ ಕರಕೊಂಡು ಹೋಗಿದ್ದಾರೆ.

"ಯಾರು?"

ಹೇಗೆ ಹೇಳಲಿ. ಮೈಗೊಂದು ಗೋಡೆಯೂ ಇಲ್ಲದ ಜೀವ,
ಜಿಗಿಹುಳುವಿನ ಎಂಜಲಲ್ಲಿ ಬಂದು
ಗಿಡದ ಸಕ್ಕರೆ ಹರಿಯುವ ಸಣ್ಣ ಕಾಲುವೆಯಲ್ಲಿ ಬಿಡಾರ ಹೂಡುತ್ತದೆ.
ಅಲ್ಲಿಂದ ಒಂದು ಪುಟ್ಟ ಪ್ರೋಟೀನನ್ನು ಮೊಗ್ಗಿನ ಮನೆಗೆ ಅಟ್ಟುತ್ತದೆ.
ಅದು ಹೋಗಿ
'ಇಲ್ಲಿ ದಳ, ಇಲ್ಲಿ ಕೇಸರ' ಎಂದು ಕೂಗುತ್ತಿದ್ದವರ ಕೈ ಹಿಡಿದು
ಗಿಡದ್ದೇ ಕಸದ ಗುಂಡಿಯವರೆಗೆ ನಡೆಸಿಕೊಂಡು ಹೋಗುತ್ತದೆ.
ಗುಡಿಸುವುದು ಗಿಡವೇ.
ಕೂಗು ನಿಂತ ಮನೆಯಲ್ಲಿ
ದಳಕ್ಕೆ ತನ್ನ ಹಳೆಯ ಕಸುಬು ನೆನಪಾಗುತ್ತದೆ.
ಎಲೆ ಕಲಿತ ಪಾಠವಲ್ಲವೇ ಹೂವು,
ಮರೆತರೆ ಮತ್ತೆ ಎಲೆಯೇ.

ಇಷ್ಟನ್ನೂ ಹೇಳಲಿಲ್ಲ. ಅರ್ಧ ಹೇಳಿದೆ,
ಉಳಿದರ್ಧಕ್ಕೆ ಮಾತು ಸಿಗದೆ ಕೈಸನ್ನೆ ಮಾಡಿದೆ.

ಬದುವಿನಾಚೆಯ ಬೋಸಣ್ಣ ಬೀಡಿ ಆರಿಸಿ ಅಂದ:
"ಬಂಜೆ ಗಿಡ ಅನ್ನು, ಮುಗೀತು."
ಓಬಕ್ಕ ತಿರುಗಿದಳು. "ಬಾಯಿ ತೊಳಕೋ.
ಅದರ ಮೈಯಾಗೆ ಯಾರ ಸಂಸಾರ ನಡೀತೈತೋ
ಕೇಳದೆ ಗಿಡಕ್ಕೆ ಹೆಸರಿಡ್ತೀಯಲ್ಲ."
ಪುಸ್ತಕದಲ್ಲಿ ನಾನು ಓದಿದ್ದೂ ಅದೇ, ಇಷ್ಟು ಚೆನ್ನಾಗಿ ಅಲ್ಲ.

ನಮ್ಮದು ಗಾಣದ ಮನೆ.
ಅಜ್ಜ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದ.
ದೂರದ ಊರಿಗೆ ಹೊರಟೆನೆಂದು ಅದು ದಿನವಿಡೀ ನಡೆಯುತ್ತಿತ್ತು,
ಸಂಜೆಗೆ ಅದೇ ಕಲ್ಲು, ಅದೇ ಹಿಂಡಿಯ ವಾಸನೆ.
ಈ ಗಿಡವೂ ಹಾಗೆ. ಉಳಿದವು ಕಾಯೊಡೆದು ಒಣಗಿದರೂ
ಇದು ಹಸಿರಾಗಿ, ಮೆತ್ತಗೆ, ಕುಪ್ಪಳಿಸಿ ಬರುವ ಹುಳುಗಳಿಗೆ ಹಿತವಾಗಿ
ಬೆಳೆಯುತ್ತಲೇ ಇರುತ್ತದೆ,
ತಾನು ಹೂ ಬಿಡುತ್ತಿದ್ದೇನೆ ಎಂದುಕೊಂಡು.

(ಎಂದುಕೊಳ್ಳುತ್ತದೆಯೇ? ಗಿಡದ ಬಗ್ಗೆ ಹಾಗೆ ಬರೆದರೆ
ನಮ್ಮ ಮೇಡಂ ಕೆಂಪು ಗೆರೆ ಎಳೆಯುತ್ತಾರೆ.)

ಕಿತ್ತು ಸುಡಬೇಕು ಎಂದೆ. ಅದು ಇಲಾಖೆಯ ಮಾತು.
ಓಬಕ್ಕ ಬುಡಕ್ಕೆ ಕೈ ಹಾಕಿ, ಒಂದು ಗಳಿಗೆ ನಿಂತು, ಕಿತ್ತಳು.
ಬೇರಿನ ಮಣ್ಣು ಕೊಡವಿ
ಸಾಲಿನುದ್ದಕ್ಕೂ ಕಣ್ಣು ಹಾಯಿಸಿದಳು: "ಇನ್ನೂ ನಾಕು ಅವೆ."

ನಾಳೆ ಹಿರಿಯೂರಿನ ಲ್ಯಾಬಿನ ಕತ್ತಲಲ್ಲಿ
ಜೆಲ್ಲಿನ ಮೇಲೆ ಒಂದು ಗೆರೆ ಹೊಳೆಯುತ್ತದೆ, ಅಥವಾ ಇಲ್ಲ.
ಹೊಳೆದರೆ, ಎಣ್ಣೆ ಗಿರಣಿಗಳ ಊರಿಂದ ಬಂದು
ಎಣ್ಣೆಯಿಲ್ಲದೆ ಹತ್ತಿಕೊಂಡ ದೀಪ.

ಬಸ್ಸಿನಲ್ಲಿ ತೋಳಿನ ಮೇಲೆ ಏನೋ ಕಂದು,
ಎಳ್ಳುಕಾಳಿನಷ್ಟು. ಒರೆಸಲು ಕೈ ಎತ್ತಿದೆ.
ಅಷ್ಟರಲ್ಲಿ ಸಾಣಿಕೆರೆ. ಯಾರೋ ಚೀಲ ಇಳಿಸಿದರು.
ಕಿಟಕಿಯ ಆಚೆ ಇನ್ಯಾರದೋ ಎಳ್ಳು,
ಬೆಳ್ಳಗೆ, ತುಂಬ ಹೂ.

ತೋಳು ನೋಡಿಕೊಂಡೆ.
ಇರಲಿಲ್ಲ.