ಕಳೆಯುವ ಲೆಕ್ಕ

ಬಾಯಾರುಪದವಿನ ಕೊನೆಯ ಮನೆಗೆ ಹತ್ತುವಾಗ
ಹೆಗಲ ಚೀಲದೊಳಗಿನ ತೂಕದ ಯಂತ್ರ
ನನ್ನನ್ನೇ ತೂಗುತ್ತಿರುತ್ತದೆ.
ಕೂಸುಗಳನ್ನು ಜೋಲಿಯಲ್ಲಿಟ್ಟು ತೂಗುವ ತಕ್ಕಡಿಯ
ಕೊಕ್ಕೆ ಮುರಿದು ಎರಡು ಮಳೆಗಾಲವಾಯಿತು.
ಹೊಸತು ಬರುತ್ತದೆಂದು ಮೀಟಿಂಗಿನಲ್ಲಿ ಹೇಳುತ್ತಾರೆ.
ಮೀಟಿಂಗು ಮಾತ್ರ ತಪ್ಪದೆ ಬರುತ್ತದೆ.

ಅದಕ್ಕೇ ಈ ಉಪಾಯ:
ಅಕ್ಕು ಪೂಜಾರ್ತಿ ಮೊದಲು
ಮೊಮ್ಮಗಳನ್ನು ಎತ್ತಿಕೊಂಡು ನಿಲ್ಲಬೇಕು,
ಆಮೇಲೆ ಕೂಸನ್ನು ನನ್ನ ಕೈಗಿತ್ತು ಒಬ್ಬಳೇ.
ಇಬ್ಬರಿಂದ ಒಬ್ಬಳನ್ನು ಕಳೆದರೆ
ಉಳಿದದ್ದು ಧನ್ವಿ.

ಸೋಣ ತಿಂಗಳಲ್ಲಿ ಐದೂಕಾಲು.
ಬೊಂತೆಲಿನಲ್ಲಿ ಆರೂವರೆ.
ಪೆರಾರ್ದೆಗೆ ಏಳೂಮುಕ್ಕಾಲು,
ಕಾಲಿಗೆ ಬಳೆಯಂಥ ಮಡಿಕೆ, ಕೆನ್ನೆಗೆ ಹಿಟ್ಟಿನ ಮೆತು.
ಕಾರ್ಡಿನ ತುಂಬ ಮಲಯಾಳ, ಅಕ್ಕುವಿಗೆ ಒಂದಕ್ಷರ ಬಾರದು;
ಆದರೆ ಗೆರೆ ಮೇಲೆ ಹೋದರೆ
ಯಾವ ಭಾಷೆಯಲ್ಲೂ ಅದು ಮೇಲೆಯೇ.
ಹಸಿರು ಪಟ್ಟಿಯೊಳಗಿನ ಚುಕ್ಕೆಯನ್ನು
ಉಗುರಿನಿಂದ ಮುಟ್ಟಿ ಮುಟ್ಟಿ ನೋಡಿದಳು,
ಮಗಳು ಉಪ್ಪಳದ ಬಟ್ಟೆಯಂಗಡಿಯಿಂದ ಬಂದ ಮೇಲೆ
ತೋರಿಸಲು ಜಾಗ ಗುರುತಿಟ್ಟುಕೊಳ್ಳುವ ಹಾಗೆ.

ಆ ರಾತ್ರಿ, ರಿಜಿಸ್ಟರಿಗೆ ನಕಲು ಮಾಡುವಾಗ,
ಅಂಚಿನಲ್ಲಿ ಪೆನ್ಸಿಲಿನ ಅಂಕಿಗಳು ಕಂಡವು.
ಉತ್ತರ ಬಂದ ಮೇಲೆ ಯಾರೂ ತಿರುಗಿ ನೋಡದ ಅಂಕಿಗಳು.
ನಲವತ್ತನಾಲ್ಕೂಮುಕ್ಕಾಲು.
ನಲವತ್ತಮೂರೂವರೆ.
ನಲವತ್ತೆರಡೂಕಾಲು.
ಇಬ್ಬರೂ ಸೇರಿದ್ದು ಅಂದೂ ಐವತ್ತು, ಇಂದೂ ಐವತ್ತು.
ಒಂದು ಮೈಯಿಂದ ಇನ್ನೊಂದಕ್ಕೆ
ಯಾರೋ ಚಮಚದಲ್ಲಿ ಹೊಯ್ದ ಹಾಗೆ.

ಆಮೇಲೆ ಒಂದೊಂದಾಗಿ ನೆನಪಾಯಿತು:
ರವಿಕೆಯ ತೋಳಿಗೆ ಚುಚ್ಚಿದ ಪಿನ್ನು.
ಮಾತಿನ ನಡುವೆ ಚೊಂಬೆತ್ತಿ ಕುಡಿದು,
‘ಎಂಥ ಸೆಕೆ ಮಾರಾಯ್ತಿ’ ಎಂದದ್ದು;
ನಾನಾದರೋ ಚಳಿಗೆ ಸೆರಗು ಹೊದ್ದಿದ್ದೆ.
ಬಚ್ಚಲ ಮೂಲೆಯ ಕಟ್ಟಿರುವೆ ಸಾಲು.
‘ಕೂಸಿನ ರಾಗಿಮಣ್ಣಿಯ ಬಟ್ಟಲು
ಅಲ್ಲೇ ತೊಳೆಯುವುದಲ್ಲವಾ, ಬೆಲ್ಲಕ್ಕೆ ಬಂದಾವೆ’ ಎಂದಳು.
ನಾನೂ ಹೂಂ ಎಂದೆ.
ಕಾಲಿಟ್ಟಾಗ ಇರುವೆ ಮೆಟ್ಟದ ಹಾಗೆ ದಾಟಿಕೊಂಡು
ಕೂಸಿನ ಲಸಿಕೆಯ ತಾರೀಕು ಹೇಳಿ ಇಳಿದು ಬಂದೆ.

ಮರುದಿನ ಬೆಳಗ್ಗೆಯೇ ಹತ್ತಿದೆ.
‘ಇವತ್ತು ತೂಕದ ದಿನ ಅಲ್ಲವಲ್ಲ?’
‘ನಿಮ್ಮದು ನೋಡಬೇಕು.’
‘ಎಂಕ್ ದಾಲ ಆತಿಜಿ,’ ನಕ್ಕಳು.
ನನಗೇನೂ ಆಗಿಲ್ಲ ಎಂಬ ಮಾತನ್ನು
ಅರುವತ್ತೆಂಟು ವರ್ಷ ಹೇಳಿ ಹೇಳಿ
ಅದು ಅವಳ ಹೆಸರಿನ ಹಾಗೆ ಬಾಯಿಗೆ ಬರುತ್ತದೆ.
ಬೆರಳು ಕೊಡಲು ಒಪ್ಪಿಸಿದ್ದು ಕೂಸಿನ ನೆಪ ಹೇಳಿ:
ಎತ್ತಿಕೊಂಡವಳು ತಲೆತಿರುಗಿ ಬಿದ್ದರೆ ಯಾರಿಗೆ ಪೆಟ್ಟು?
ಒಂದು ಹನಿ ರಕ್ತ. ಯಂತ್ರ ಐದು ಎಣಿಸಿತು.
ಮುನ್ನೂರ ಹನ್ನೆರಡು.
‘ಜಾಸ್ತಿಯಾ? ಗೆರೆ ಮೇಲೆ ಹೋಯಿತಾ?’ ಎಂದಳು,
ಮುಖ ಅರಳಿಸಿ.

ಏನು ಹೇಳಲಿ.
ಬುಧವಾರ ಮಂಗಲ್ಪಾಡಿ ಆಸ್ಪತ್ರೆಗೆ ಹೋಗುವುದೆಂದೆ,
ಚೀಟಿಯನ್ನು ನಾನೇ ಮಾಡಿಸುತ್ತೇನೆಂದೆ.
ಚೀಲದಿಂದ ಹೊಸ ನೋಟುಪುಸ್ತಕ ತೆಗೆದು
ಮೇಲೆ ಕನ್ನಡದಲ್ಲಿ ಅವಳ ಹೆಸರು ಬರೆದೆ.
ಹುಟ್ಟಿದ ದಿನ ಗೊತ್ತಿಲ್ಲ, ನೆರೆ ಬಂದ ವರ್ಷವಂತೆ.
‘ಈಗ ಒಬ್ಬಳೇ ನಿಲ್ಲಿ. ಕೂಸನ್ನು ಚಾಪೆಗೆ ಬಿಡಿ.’
ಬಿಡಲು ಮನಸ್ಸಿಲ್ಲದೆ ಬಿಟ್ಟಳು.
ಕಳೆಯುವುದಕ್ಕಲ್ಲದೆ ತನ್ನನ್ನು ತೂಗುವುದು
ಅವಳಿಗೆ ನಾಚಿಕೆ.

ಧನ್ವಿ ಅತ್ತಳು, ಮಗುಚಿದಳು,
ಹೊಟ್ಟೆ ಎಳೆದುಕೊಂಡು ಬಂದು
ಯಂತ್ರದ ಅಂಚಿಗೆ ಅಂಗೈ ಊರಿದಳು.
ಅಂಕಿ ನಡುಗಿತು:
ನಲವತ್ತೆರಡು, ನಲವತ್ತೆರಡೂವರೆ,
ನಲವತ್ತಮೂರು ಮುಟ್ಟಿ ನಿಂತಿತು ಒಂದು ಗಳಿಗೆ.

‘ಕೈ ತೆಗಿ ಮಗಾ’ ಎಂದೆ,
ಮೆಲ್ಲಗೆ, ಕೇಳಿಸದ ಹಾಗೆ.