ತೊಳೆದ ರೂಪಾಯಿ

ವಿರಾಜಪೇಟೆಯ ಗಡಿಯಾರ ಕಂಬದ ಹಿಂದಣ ಸಂದಿಯಲ್ಲಿ
ಆಲಿಕುಟ್ಟಿಯ ಅಂಗಡಿ. ಕೊಡೆ ರಿಪೇರಿಯೂ ಉಂಟು.
ಮೇಜಿನ ಮೇಲೆ ಕಡಪ ಕಲ್ಲಿನ ತುಂಡು,
ಒಂದು ಕಣ್ಣಿಗೆ ಮಸೂರ, ಇನ್ನೊಂದು ಕಣ್ಣು ನನ್ನ ಮೇಲೆ.

ಬಿಸ್ಕತ್ತಿನ ಡಬ್ಬಿ ಬೋರಲು ಹಾಕಿದೆ.
ಒಂಬತ್ತು ಬಿದ್ದವು.

ಮೊದಲು ತೂಗಲಿಲ್ಲ ಅವನು, ಕೇಳಿಸಿಕೊಂಡ,
ಒಂದೊಂದನ್ನೇ ಕಲ್ಲಿನ ಮೇಲೆ ಬೀಳಿಸಿ.
ಆರು ಹಾಡಿದವು. ಎರಡು ಕೆಮ್ಮಿದವು:
"ಯುದ್ಧಕಾಲದ್ದು. ಅರ್ಧ ಬೆಳ್ಳಿ, ಅರ್ಧ ಬಾಯಿಮಾತು."
ಒಂದಕ್ಕೆ ತೂತು, ಯಾವ ಮಗುವಿನ ಕೊರಳಿಗೋ ಕಟ್ಟಿದ್ದು.
"ತೂತು ಅಂದರೆ ಹೋಯಿತು. ಕರಗಿಸೋ ಲೆಕ್ಕ."
ಮಗು ಬದುಕಿತೆ ಎಂದು ಅವನು ಕೇಳಲಿಲ್ಲ.
ನನಗೂ ಗೊತ್ತಿಲ್ಲ.

"ರಾಜನ ತಲೆ ಎಲ್ಲದರಲ್ಲೂ ಇರುತ್ತೆ, ತಲೆಗೆ ಬೆಲೆಯಿಲ್ಲ.
ಇಸವಿ ನೋಡಬೇಕು, ಸಾಸಿವೆಯಷ್ಟು ಚುಕ್ಕೆ ಇದೆಯಾ ನೋಡಬೇಕು.
ಎಷ್ಟು ಹೊಡೆದರು ಅಂತಲ್ಲ, ಎಷ್ಟು ಉಳಿದವು ಅಂತ."

ಆಮೇಲೆ ಒಂದನ್ನು ಹಿಡಿದು ಸುಮ್ಮನಾದ.
ಸಾವಿರದ ಒಂಬೈನೂರ ಹನ್ನೊಂದು.
"ನಿಲುವಂಗಿಯ ಮೇಲೆ, ಇಲ್ಲಿ, ಒಂದು ಆನೆ ಇತ್ತು.
ಸೊಂಡಿಲು ಮೋಟಾಗಿ ಹಂದಿಯ ಹಾಗೆ ಕಂಡಿತು.
ನಮ್ಮವರೇ ಮುಟ್ಟೆವು ಅಂದರಂತೆ. ಸರ್ಕಾರ ಹಿಂದಕ್ಕೆ ಪಡೆದು ಕರಗಿಸಿತು.
ಹಂದಿ ಅಂತ ಅಂದು ಬೇಡವಾಯಿತು,
ಹಂದಿ ಅಂತಲೇ ಇಂದು ಬೇಕು" ಎಂದು ನಕ್ಕ.

ನಾನೂ ನಕ್ಕೆ. ನಮ್ಮಲ್ಲಿ ಹಂದಿಯೆಂದರೆ ಕಾಚಂಪುಳಿ ಬಿದ್ದು ಕಪ್ಪಾದದ್ದು,
ಆನೆಯೆಂದರೆ ಮೊನ್ನೆ ರಾತ್ರಿ ಬೇಲಿ ಮುರಿದು ಬಾಳೆ ತಿಂದು ಹೋದದ್ದು.
ಎರಡನ್ನೂ ಕತ್ತಲಲ್ಲೇ ಗುರುತು ಹಿಡಿಯುತ್ತೇವೆ.

ಮಸೂರ ನನ್ನ ಕೈಗಿತ್ತ.
ಅಲ್ಲಿ ಆನೆಯೂ ಇಲ್ಲ, ಹಂದಿಯೂ ಇಲ್ಲ.
ನುಣುಪು.
"ಯಾರು ತೊಳೆದದ್ದು?"

ಬಲ್ಯವ್ವ ಚೋಂದಮ್ಮ.
ವರ್ಷ ವರ್ಷ ಕೈಲ್‌ಪೊಳ್ದ್ ಹಿಂದಿನ ದಿನ
ಕೋವಿಗೆ ಎಣ್ಣೆ, ಪೀಚೆಕತ್ತಿಗೆ ಹುಣಸೆ,
ಮಿಕ್ಕ ಹುಣಸೆಗೆ ಬೂದಿ ಕಲಸಿ ಇವಕ್ಕೆ,
ಹೆಬ್ಬೆರಳಲ್ಲಿ ಗುಂಡಗೆ, ಗುಂಡಗೆ, ರಾಜನ ಕಿವಿ ಸವೆಯುವವರೆಗೆ.
ಅವಳ ಮುಹೂರ್ತದಲ್ಲಿ ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕುಡಿಸಿ
ನೆಂಟರು ಕೈಗಿಟ್ಟ ರೂಪಾಯಿಗಳು.
ಕೊಟ್ಟವರ ಹೆಸರು ಹೇಳುತ್ತ ಉಜ್ಜುತ್ತಿದ್ದಳು.
ಹಂದಿಯದು ಯಾರು ಕೊಟ್ಟದ್ದೆಂದು ನಾನು ಕೇಳಿಟ್ಟುಕೊಳ್ಳಲಿಲ್ಲ.

"ತೊಳೆಯದೆ ಇದ್ದಿದ್ದರೆ" ಎಂದು ಆಲಿಕುಟ್ಟಿ ಒಂದು ಮೊತ್ತ ಹೇಳಿದ.
ಪಲ್ಪರಿಗೆ ಹೊಸ ಮೋಟಾರು ಬರುತ್ತಿತ್ತು.
ಈಗ ಹೇಳಿದ್ದಕ್ಕೆ ಬೆಲ್ಟು.

ಕೊನೆಯದು ಕಪ್ಪು. ಪತ್ತಾಯದ ಹಿಂದೆ ಬಿದ್ದು
ನಲವತ್ತು ವರ್ಷ ಸಿಗದೆ ಬೈಸಿಕೊಂಡದ್ದು.
ಸಾಧಾರಣ ಇಸವಿ. ಆದರೆ ಗಡ್ಡದ ಕೂದಲು ಕೂದಲೂ ಇದೆ.
ಬ್ಲೇಡು ಹಿಡಿದಂತೆ ಅಂಚಲ್ಲಿ ಹಿಡಿದ:
"ಇದಕ್ಕೆ ಎಲ್ಲಕ್ಕಿಂತ ಹೆಚ್ಚು. ಯಾರೂ ಮುಟ್ಟಿಲ್ಲ."

ಕೊಟ್ಟೆ. ಹಂದಿಯನ್ನೂ ಕೊಟ್ಟೆ.
ತೂತಿನದಕ್ಕೂ ತೂಕ ಹಿಡಿ ಎಂದೆ,
ತೂತಿನಷ್ಟು ಕಳೆದು ಹಿಡಿದ.

ಬಾಳೆಲೆ ಬಸ್ಸಿನ ಕಂಡಕ್ಟರ್ ಬಳಿ ಚಿಲ್ಲರೆ ಇರಲಿಲ್ಲ.
ಎರಡು ರೂಪಾಯಿ ಬಾಕಿ ಎಂದು ಟಿಕೆಟ್ಟಿನ ಬೆನ್ನಿಗೆ ಗೀಚಿಕೊಟ್ಟ.
ಬಿಟ್ಟಂಗಾಲ ದಾಟಿದ ಮೇಲೆ ನೋಡಿಕೊಂಡೆ,
ನನ್ನ ಹೆಬ್ಬೆರಳು ಅದನ್ನು ಉಜ್ಜುತ್ತಿತ್ತು,
ಗುಂಡಗೆ, ಗುಂಡಗೆ.
ಎರಡು ಆಗಲೇ ಮಸುಕು.